ಕೊಡಗಿನ ಮಳೆಯಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ಕವರು: ಓದುವ ಮತ್ತು ಉಳಿಸುವ ಕ್ರಮ

ಕೊಡಗಿನ ಹಳೆಯ ಮನೆಗಳಲ್ಲಿ, ಅದರಲ್ಲೂ ಸೇನೆಯಲ್ಲಿ ದುಡಿದು ಊರೂರು ಸುತ್ತಿ ಬಂದವರ ಮನೆಗಳಲ್ಲಿ ಮತ್ತು ತೋಟದ ಬಂಗಲೆಗಳಲ್ಲಿ, ಗ್ರಾಮಫೋನ್ ತಟ್ಟೆಗಳ ಒಂದು ಕಟ್ಟು ಅಟ್ಟದ ಮೇಲೋ ಬೀಟೆಯ ಪೆಟ್ಟಿಗೆಯೊಳಗೋ ಉಳಿದಿರುವುದು ಅಪರೂಪವೇನಲ್ಲ. ಅಂಥ ಕಟ್ಟು ಕೈಗೆ ಬಂದಾಗ ಮನೆಯವರು ಮೊದಲು ಕೇಳುವುದು, ಇದು ಇನ್ನೂ ಹಾಡುತ್ತದೆಯೇ ಎಂದು. ತಟ್ಟೆಯ ಮಟ್ಟಿಗೆ ಉತ್ತರ ಸಾಮಾನ್ಯವಾಗಿ ಸಮಾಧಾನಕರವಾಗಿಯೇ ಇರುತ್ತದೆ. ವಿನೈಲ್ ತಟ್ಟೆಗೆ ಬೂಷ್ಟು ಹಿಡಿದರೆ ತೊಳೆದು ಒರೆಸಬಹುದು. ಕವರಿನ ಮಾತು ಹಾಗಲ್ಲ. ಅದು ರಟ್ಟು, ಕಾಗದ, ಅಂಟು ಮತ್ತು ಶಾಯಿ ಸೇರಿದ ವಸ್ತು; ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಗೆ ಈ ನಾಲ್ಕೂ ಒಂದೊಂದು ರೀತಿಯಲ್ಲಿ ಸೋಲುತ್ತವೆ. ಹೀಗಾಗಿ ಕವರಿನ ಕಲೆಯನ್ನು ನೋಡುವುದಕ್ಕೂ ಅದನ್ನು ಉಳಿಸುವುದಕ್ಕೂ ಬೇಕಾದ ತಿಳಿವಳಿಕೆ ಒಂದೇ ಎಂಬುದು ನನ್ನ ಅಭಿಪ್ರಾಯ: ಅದು ಹೇಗೆ ತಯಾರಾಯಿತು ಎಂದು ಗೊತ್ತಿಲ್ಲದವರು ಅದನ್ನು ಸರಿಯಾಗಿ ಒರೆಸಲಾರರು. ಇನ್ನೊಂದು ಸಲಹೆಯನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಚೆಂದವಿರುವುದು ಮುಂಬದಿಯಲ್ಲಿ, ಆದರೆ ಕೆಲಸ ಶುರುಮಾಡಬೇಕಾದದ್ದು ಹಿಂಬದಿಯಿಂದ.

ಯಾವುದು ಯಾವ ಕಾಲದ್ದು

ಕಟ್ಟನ್ನು ಬಿಚ್ಚಿದ ಕೂಡಲೇ ಅಳತೆಯ ಪ್ರಕಾರ ವಿಂಗಡಿಸಿಕೊಳ್ಳಬೇಕು. ಹತ್ತು ಅಂಗುಲದ, ಕೈಗೆ ಭಾರವಾಗುವ, ಬಿದ್ದರೆ ಒಡೆಯುವ ಅರಗಿನ ತಟ್ಟೆಗಳು ನಿಮಿಷಕ್ಕೆ 78 ಸುತ್ತಿನವು. ಅವುಗಳಲ್ಲಿ ಬದಿಗೊಂದರಂತೆ ಸುಮಾರು ಮೂರು ನಿಮಿಷದ ಹಾಡು ಇರುತ್ತದೆ. ಇವು ನಮ್ಮಲ್ಲಿ ಬಹುಪಾಲು ಕಂದು ಕಾಗದದ ಲಕೋಟೆಯಲ್ಲಿ ಬಂದವು. ಲಕೋಟೆಯ ನಡುವೆ ದುಂಡಗೆ ಕತ್ತರಿಸಿರುವುದರಿಂದ ತಟ್ಟೆಯ ಚೀಟಿ ಹೊರಗೆ ಕಾಣುತ್ತದೆ, ಸುತ್ತಲಿನ ಜಾಗದಲ್ಲಿ ಕಂಪನಿಯ ಗುರುತು, ಗ್ರಾಮಫೋನ್ ಮುಳ್ಳುಗಳ ಜಾಹೀರಾತು, ಕೆಲವೊಮ್ಮೆ ಅಂಗಡಿಯ ವಿಳಾಸ ಇರುತ್ತದೆ. ಕಲಾವಿದನ ಚಿತ್ರವಿಲ್ಲವೆಂದು ಇವನ್ನು ಎಸೆಯುವವರೇ ಹೆಚ್ಚು. ಒಂದು ಊರಿನ ಸಂಗೀತದ ವ್ಯಾಪಾರದ ಬಗ್ಗೆ ಈ ಬಡ ಲಕೋಟೆಗಳು ಹೇಳುವಷ್ಟನ್ನು ಬಣ್ಣದ ಕವರುಗಳು ಹೇಳುವುದಿಲ್ಲ, ಆದ್ದರಿಂದ ಇವನ್ನು ಎಸೆಯಬಾರದು.

ಬಣ್ಣದ ಕವರಿನ ಕಥೆ ಅಮೆರಿಕದಲ್ಲಿ ಆರಂಭವಾಗುತ್ತದೆ. ದೀರ್ಘ ಸಂಗೀತಕೃತಿಗಳ ಹಲವು 78ರ ತಟ್ಟೆಗಳನ್ನು ಪುಸ್ತಕದಂತೆ ಹೊಲಿದ ರಟ್ಟಿನ ಕಟ್ಟಿನಲ್ಲಿ ಇಟ್ಟು ಮಾರುತ್ತಿದ್ದರು. ಅದರ ಮೇಲ್ಮೈ ಬರಿಯ ಕಂದು ಅಥವಾ ಬೂದು ಬಣ್ಣದ್ದು, ಬೆನ್ನಿನ ಮೇಲೆ ಹೆಸರು ಮಾತ್ರ. ಕೊಲಂಬಿಯಾ ಕಂಪನಿಗೆ ಸೇರಿದ್ದ ಯುವ ವಿನ್ಯಾಸಕ ಅಲೆಕ್ಸ್ ಸ್ಟೈನ್‌ವೈಸ್ 1940ರಲ್ಲಿ ಆ ಮೇಲ್ಮೈಗೆ ಚಿತ್ರ ಮತ್ತು ಅಕ್ಷರಗಳ ವಿನ್ಯಾಸ ಕೊಟ್ಟು ಅದನ್ನು ಒಂದು ಪುಟ್ಟ ಭಿತ್ತಿಪತ್ರವಾಗಿಸಿದರು. ಅದೇ ಕಂಪನಿ 1948ರಲ್ಲಿ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತಿನ ಎಲ್‌ಪಿಯನ್ನು ಮಾರುಕಟ್ಟೆಗೆ ತಂದಾಗ, ಹನ್ನೆರಡು ಅಂಗುಲದ ವಿನೈಲ್ ತಟ್ಟೆಯನ್ನು ತೆಳುರಟ್ಟಿನ ಚೀಲದಲ್ಲಿ ಇಡುವ ಪದ್ಧತಿಯೂ ಬಂತು. ಆಮೇಲಿನ ಮೂರು ದಶಕಗಳಲ್ಲಿ ಎಲ್‌ಪಿಯ ಬಹುಪಾಲು ವಿನ್ಯಾಸಕರಿಗೆ ಸಿಕ್ಕಿದ ಬಯಲು ಒಂದೇ, ಬದಿಗೆ ಮೂವತ್ತೊಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚಿರುವ ಒಂದು ಚೌಕ.

ಭಾರತದಲ್ಲಿ ಗ್ರಾಮಫೋನ್ ಕಂಪನಿ 1908ರಲ್ಲೇ ಕಲ್ಕತ್ತೆಯಲ್ಲಿ ತಟ್ಟೆ ಅಚ್ಚುಹಾಕುವ ಕಾರ್ಖಾನೆ ತೆರೆದಿತ್ತು. ನಾಯಿ ಮತ್ತು ಕೊಳವೆಯ ಗುರುತಿನ ಎಚ್‌ಎಂವಿಯ ಜೊತೆಗೆ ಓಡಿಯನ್, ಕೊಲಂಬಿಯಾ, ಏಂಜೆಲ್ ಮುದ್ರೆಗಳಲ್ಲೂ, ಮುಂದೆ ಪಾಲಿಡೋರ್‌ನಂಥ ಬೇರೆ ಕಂಪನಿಗಳಿಂದಲೂ ತಟ್ಟೆಗಳು ಬಂದವು. ನಮ್ಮಲ್ಲಿ 78ರ ತಟ್ಟೆಗಳು ಬೇರೆ ದೇಶಗಳಲ್ಲಿ ನಿಂತ ಮೇಲೂ ಕೆಲಕಾಲ ನಡೆದವು. ಬೀಟಲ್ಸ್ ತಂಡದ ಹಾಡುಗಳು ಕೂಡ ಇಲ್ಲಿ ಆ ರೂಪದಲ್ಲಿ ಅಚ್ಚಾಗಿವೆ. ಕನ್ನಡದ ಚಲನಚಿತ್ರಗೀತೆಗಳು ನಮಗೆ ಹೆಚ್ಚಾಗಿ ಸಿಗುವುದು ಏಳು ಅಂಗುಲದ, 45 ಸುತ್ತಿನ ಇಪಿ ತಟ್ಟೆಗಳಲ್ಲಿ. ಆ ಪುಟ್ಟ ಕವರುಗಳ ಬಗ್ಗೆ ಮುಂದೆ ಹೇಳುತ್ತೇನೆ.

ಹಿಂಬದಿಯಿಂದ ಓದುವುದು

ಎಲ್‌ಪಿಯ ಕವರನ್ನು ಬೋರಲು ಹಾಕಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅದು ಹೇಗೆ ತಯಾರಾಯಿತು ಎಂಬುದು ತಾನಾಗಿ ತಿಳಿಯುತ್ತದೆ. ಬ್ರಿಟಿಷ್ ಪದ್ಧತಿಯ ಹಳೆಯ ಕವರುಗಳಲ್ಲಿ, ಮತ್ತು ಅದನ್ನೇ ಅನುಸರಿಸಿದ ನಮ್ಮ ಅನೇಕ ಕವರುಗಳಲ್ಲಿ, ಮುಂಬದಿಯ ಹಾಳೆ ಮೂರು ಅಂಚುಗಳಲ್ಲಿ ಹಿಂದಕ್ಕೆ ಮಡಿಚಿ ಬಂದು ಹಿಂಬದಿಯ ಮೇಲೆ ಒಂದು ಬೆರಳಿನಷ್ಟು ಅಗಲದ ಪಟ್ಟಿಯಾಗಿ ಅಂಟಿರುತ್ತದೆ. ಆ ಪಟ್ಟಿ ಮಿನುಗುತ್ತದೆ, ಅದರ ನಡುವಿನ ಹಿಂಬದಿ ಮಿನುಗುವುದಿಲ್ಲ. ಕಾರಣ ಸರಳ: ಮುಂಬದಿಗೆ ಮಾತ್ರ ತೆಳುವಾದ ಪಾರದರ್ಶಕ ಪೊರೆಯನ್ನು ಅಂಟಿಸಿದ್ದಾರೆ, ಹಿಂಬದಿಯನ್ನು ಖರ್ಚು ಉಳಿಸಲು ಬರಿಯ ಕಾಗದವಾಗಿಯೇ ಬಿಟ್ಟಿದ್ದಾರೆ. ಅಮೆರಿಕದ ಹಳೆಯ ಕವರುಗಳಲ್ಲಿ ಹೀಗಲ್ಲ. ಅಲ್ಲಿ ದಪ್ಪ ಬೂದು ರಟ್ಟಿನ ಚೀಲವನ್ನು ಮೊದಲು ಮಾಡಿ, ಅಚ್ಚಾದ ಕಾಗದವನ್ನು ಅದರ ಮೇಲೆ ಅಂಟಿಸುತ್ತಿದ್ದರು. ಆದ್ದರಿಂದ ಅಮೆರಿಕದ ಕವರಿನಲ್ಲಿ ಕಾಗದ ಏಳುತ್ತದೆ, ನಮ್ಮ ಕವರಿನಲ್ಲಿ ಪಟ್ಟಿ ಏಳುತ್ತದೆ.

ಈ ಒಂದು ವ್ಯತ್ಯಾಸದಿಂದ ಕೊಡಗಿನ ಮಳೆಗಾಲದಲ್ಲಿ ಆಗುವ ಎರಡು ಹಾನಿಗಳನ್ನು ವಿವರಿಸಬಹುದು. ಬೂಷ್ಟು ಹಿಂಬದಿಯಲ್ಲೇ ಮೊದಲು ಕಾಣಿಸುತ್ತದೆ, ಏಕೆಂದರೆ ಅದಕ್ಕೆ ಬೇಕಾದ ತೇವವೂ ಕಾಗದದ ಆಹಾರವೂ ಸಿಗುವುದು ಅಲ್ಲಿಯೇ. ಎರಡನೆಯದು, ಮಳೆ ಜೋರಾದಂತೆ ಕವರಿನ ಬಾಯಿ ತಾನಾಗಿ ತೆರೆದುಕೊಳ್ಳುವುದು. ಮುಂಬದಿಯ ರಟ್ಟಿನ ಹೊರಮೈಯನ್ನು ಪೊರೆ ಹಿಡಿದಿಟ್ಟಿದೆ, ಒಳಮೈ ತೇವ ಹೀರಿ ಹಿಗ್ಗುತ್ತದೆ, ಹಿಗ್ಗಿದ ಕಡೆಗೆ ಜಾಗ ಸಾಲದೆ ರಟ್ಟು ಹೊರಕ್ಕೆ ಬಾಗುತ್ತದೆ. ಹೀಗೆ ಬಾಗಿದ ಕವರನ್ನು ಕೈಯಿಂದ ಹಿಂದಕ್ಕೆ ಬಗ್ಗಿಸಲು ಹೋದರೆ ಪೊರೆ ಬಿರಿದು ಬಿಳಿಯ ಗೆರೆ ಶಾಶ್ವತವಾಗಿ ಉಳಿಯುತ್ತದೆ.

ಹಿಂಬದಿಯ ಬರಹವನ್ನು ಒಮ್ಮೆಯಾದರೂ ಪೂರ್ತಿ ಓದಬೇಕು. ಶಾಸ್ತ್ರೀಯ ಸಂಗೀತದ ತಟ್ಟೆಗಳಲ್ಲಿ ಕೃತಿ, ರಾಗ, ತಾಳ, ಪಕ್ಕವಾದ್ಯದವರ ಹೆಸರು ಮತ್ತು ಕಲಾವಿದರ ಬಗ್ಗೆ ಒಂದು ಟಿಪ್ಪಣಿ ಇರುತ್ತದೆ. ಟಿಪ್ಪಣಿ ಬಹುತೇಕ ಇಂಗ್ಲಿಷಿನಲ್ಲಿ. ಮೂಲೆಯಲ್ಲಿರುವ ಕ್ರಮಸಂಖ್ಯೆಯ ಮುಂದಿನ ಅಕ್ಷರಗಳಿಗೂ ಅರ್ಥವಿದೆ. ಎಚ್‌ಎಂವಿಯ ಶಾಸ್ತ್ರೀಯ ತಟ್ಟೆಗಳಲ್ಲಿ ಇಸಿಎಲ್‌ಪಿ ಎಂದಿದ್ದರೆ ಮೋನೋ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೋ. ಕೆಳ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಮುದ್ರಣಾಲಯದ ಹೆಸರು ಇರಬಹುದು. ವಿನ್ಯಾಸಕಾರರ ಹೆಸರು ಅಪರೂಪ. ಇದ್ದರೆ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ನಮ್ಮ ಕವರುಗಳ ಕಲಾವಿದರಲ್ಲಿ ಹೆಚ್ಚಿನವರಿಗೆ ಬೇರೆಲ್ಲೂ ದಾಖಲೆಯಿಲ್ಲ.

ಕಾಲ ನಿರ್ಣಯಕ್ಕೆ ಕೊಡಗಿನವರಿಗೆ ಒಂದು ವಿಶೇಷ ಅನುಕೂಲವಿದೆ, ಅದು ಅಂಗಡಿಯ ರಬ್ಬರ್ ಮುದ್ರೆ. 1956ರ ನವೆಂಬರ್ 1ರವರೆಗೆ ಕೂರ್ಗ್ ಪ್ರತ್ಯೇಕ ರಾಜ್ಯವಾಗಿತ್ತು, ಅಂದು ಮೈಸೂರು ರಾಜ್ಯಕ್ಕೆ ಸೇರಿತು, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಹಾಗಾಗಿ ಮುದ್ರೆಯಲ್ಲಿ 571ರಿಂದ ಆರಂಭವಾಗುವ ಆರಂಕಿಯ ಸಂಖ್ಯೆಯೋ ಕರ್ನಾಟಕ ಎಂಬ ಹೆಸರೋ ಇದ್ದರೆ, ಆ ತಟ್ಟೆ ಕೈಬದಲಾದದ್ದು ಆ ದಿನಾಂಕಗಳ ನಂತರವೇ. ಇದರ ವಿರುದ್ಧ ದಿಕ್ಕಿನ ತರ್ಕ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ಮರ್ಕೆರಾ (ಮಡಿಕೇರಿಯ ಹಳೆಯ ಹೆಸರು), ಮೈಸೂರು ಸ್ಟೇಟ್ ಎಂದಿರುವ ಮುದ್ರೆಯನ್ನು ಅಂಗಡಿಯವರು ರಬ್ಬರು ಸವೆಯುವ ತನಕ ಒತ್ತುತ್ತಲೇ ಇದ್ದಿರಬಹುದು. ಅಷ್ಟೇ ಅಲ್ಲ, ಮಾರಾಟವಾದ ವರ್ಷ ತಟ್ಟೆ ತಯಾರಾದ ವರ್ಷವೇ ಆಗಿರಬೇಕೆಂದಿಲ್ಲ. ಮುದ್ರೆ, ಶಾಯಿಯಲ್ಲಿ ಬರೆದ ಮನೆತನದ ಹೆಸರು, ಮದುವೆಯ ಉಡುಗೊರೆ ಎಂಬ ಒಕ್ಕಣೆ, ಇವು ಯಾವುವನ್ನೂ ಅಳಿಸಲು ಹೋಗಬಾರದು. ಸಂಗ್ರಾಹಕರ ಮಾರುಕಟ್ಟೆಯಲ್ಲಿ ಇಂಥ ಬರಹವಿದ್ದರೆ ಬೆಲೆ ಇಳಿಯುತ್ತದೆ ಎನ್ನುತ್ತಾರೆ; ಮನೆಯ ಸಂಗ್ರಹಕ್ಕೆ ಆ ಲೆಕ್ಕ ಅನ್ವಯಿಸಬೇಕಾಗಿಲ್ಲ.

ಮುಂಬದಿಯ ಶಾಯಿ, ಚುಕ್ಕಿ ಮತ್ತು ಅಕ್ಷರ

ಮುಂಬದಿಯನ್ನು ನೋಡಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಸಾಕು; ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದೂ ಆದೀತು. ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚಿತ್ರ ನೀಲಿ, ಕೆನ್ನೇರಳೆ, ಹಳದಿ ಮತ್ತು ಕಪ್ಪು ಶಾಯಿಗಳ ಸಣ್ಣ ಚುಕ್ಕಿಗಳಾಗಿ ಒಡೆದಿರುತ್ತದೆ. ನಾಲ್ಕು ಬಣ್ಣಗಳ ಚುಕ್ಕಿಸಾಲುಗಳನ್ನು ಬೇರೆ ಬೇರೆ ಕೋನಗಳಲ್ಲಿ ಇಟ್ಟಿರುವುದರಿಂದ ಮಸೂರದಡಿಯಲ್ಲಿ ಅವು ಪುಟ್ಟ ಹೂವಿನ ಎಸಳುಗಳಂತೆ ಗುಂಪುಗೂಡಿ ಕಾಣುತ್ತವೆ. ಆದರೆ ಮೂಲ ಮುದ್ರಣದಲ್ಲಿ ಶೀರ್ಷಿಕೆಯ ಅಕ್ಷರಗಳು ಸಾಮಾನ್ಯವಾಗಿ ಚುಕ್ಕಿಯಿಲ್ಲದ ತುಂಬು ಶಾಯಿಯವು, ಅಂಚು ಚೂಪಾಗಿರುತ್ತದೆ. ಹಳೆಯ ಕವರನ್ನೇ ಸ್ಕ್ಯಾನ್ ಮಾಡಿ ಮರುಮುದ್ರಿಸಿದ ಪ್ರತಿಯಲ್ಲಿ ಅಕ್ಷರಗಳೂ ಚುಕ್ಕಿಗಳಾಗಿ ಒಡೆದು, ಅಂಚು ಮಸುಕಾಗಿರುತ್ತದೆ. ಹಳೆಯದೆಂದು ಹೇಳಿ ದುಬಾರಿ ಬೆಲೆಗೆ ಮಾರುವ ನಕಲಿ ಕವರನ್ನು ಪತ್ತೆ ಹಚ್ಚಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಚುಕ್ಕಿ ನೋಡಿದ ಮೇಲೆ ಎಷ್ಟು ಬಣ್ಣಗಳ ಶಾಯಿ ಬಳಸಿದ್ದಾರೆ ಎಂದು ಎಣಿಸಬೇಕು. ಒಂದೊಂದು ಶಾಯಿಗೂ ಒಂದೊಂದು ಫಲಕ ಬೇಕು, ಒಂದೊಂದು ಫಲಕಕ್ಕೂ ಖರ್ಚು. ನ್ಯೂಯಾರ್ಕಿನ ಬ್ಲೂ ನೋಟ್ ಎಂಬ ಜಾಝ್ ಕಂಪನಿಗಾಗಿ 1950ರ ದಶಕದ ನಡುವಿನಿಂದ ರೀಡ್ ಮೈಲ್ಸ್ ಮಾಡಿದ ಕವರುಗಳಲ್ಲಿ ಅನೇಕವು ಕಪ್ಪು ಮತ್ತು ಇನ್ನೊಂದು ಬಣ್ಣದಲ್ಲೇ ಮುಗಿದಿವೆ. ಫ್ರಾನ್ಸಿಸ್ ವುಲ್ಫ್ ತೆಗೆದ ಕಪ್ಪುಬಿಳುಪು ಛಾಯಾಚಿತ್ರವನ್ನು ಹಣೆಯವರೆಗೋ ಕೈಬೆರಳುಗಳಷ್ಟಕ್ಕೋ ಕತ್ತರಿಸಿ, ಉಳಿದ ಬಿಳಿ ಜಾಗದಲ್ಲಿ ಅಕ್ಷರಗಳನ್ನೇ ವಾದ್ಯದಂತೆ ನುಡಿಸಿದ ಆ ಕವರುಗಳು ಇಂದಿಗೂ ವಿನ್ಯಾಸ ಶಾಲೆಗಳಲ್ಲಿ ಪಾಠವಾಗಿವೆ. ಮೈಲ್ಸ್ ಅವರಿಗೆ ಜಾಝ್‌ನಲ್ಲಿ ವಿಶೇಷ ಆಸಕ್ತಿಯೇನೂ ಇರಲಿಲ್ಲ ಎಂಬುದು ಪ್ರಸಿದ್ಧ ಸಂಗತಿ. ಸಂಗೀತವನ್ನು ಪ್ರೀತಿಸುವವರೇ ಒಳ್ಳೆಯ ಕವರು ಮಾಡುತ್ತಾರೆ ಎಂಬ ನಂಬಿಕೆಯನ್ನು ಅವರ ಕೆಲಸ ಸದ್ದಿಲ್ಲದೆ ಅಲ್ಲಗಳೆಯುತ್ತದೆ.

ದುಡ್ಡು ಸುರಿದು ಮಾಡಿದ ಕವರುಗಳ ದಾರಿ ಬೇರೆ. ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ದಂಪತಿ 1967ರಲ್ಲಿ ಬೀಟಲ್ಸ್‌ಗಾಗಿ ಮಾಡಿದ ಸಾರ್ಜೆಂಟ್ ಪೆಪ್ಪರ್ ಕವರು ಪುಸ್ತಕದಂತೆ ಎರಡಾಗಿ ತೆರೆದುಕೊಳ್ಳುವಂಥದ್ದು, ಹಿಂಬದಿಯಲ್ಲಿ ಹಾಡುಗಳ ಪೂರ್ತಿ ಸಾಹಿತ್ಯವನ್ನೇ ಅಚ್ಚುಹಾಕಿದ್ದರು. ಅದೇ ವರ್ಷ ಆಂಡಿ ವಾರ್ಹಾಲ್ ಒಂದು ಕವರಿನ ಮೇಲೆ ಸುಲಿಯಬಹುದಾದ ಬಾಳೆಹಣ್ಣಿನ ಸಿಪ್ಪೆಯನ್ನು ಸ್ಟಿಕ್ಕರಾಗಿ ಅಂಟಿಸಿದರು; ಸುಲಿಯದೆ ಉಳಿದ ಪ್ರತಿಗಳಿಗೆ ಈಗ ಎಲ್ಲಿಲ್ಲದ ಬೆಲೆ. ವಿದೇಶಗಳಿಗೆ ಹೋಗಿಬಂದವರ ಸಂಗ್ರಹದಲ್ಲಿ ಇಂಥವು ಸಿಕ್ಕರೆ ಸ್ಟಿಕ್ಕರು, ಪೋಸ್ಟರು, ಒಳಗಿನ ಹಾಳೆ ಎಲ್ಲವೂ ಕವರಿನ ಭಾಗವೆಂದೇ ತಿಳಿದು ಒಟ್ಟಿಗೆ ಇಡಬೇಕು.

ನಮ್ಮ ಕನ್ನಡದ ಇಪಿ ಕವರುಗಳನ್ನು ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಅಕ್ಷರಗಳ ಕಡೆಗೆ. ಈಗ ನನ್ನ ಮೇಜಿನ ಮೇಲಿರುವ ಒಂದು ಚಲನಚಿತ್ರದ ಇಪಿಯನ್ನೇ ತೆಗೆದುಕೊಳ್ಳಬಹುದು. ಶೀರ್ಷಿಕೆ ಅಚ್ಚಿನ ಮೊಳೆಗಳಿಂದ ಜೋಡಿಸಿದ್ದಲ್ಲ, ಕುಂಚದಿಂದ ಬರೆದದ್ದು. ಐದು ಅಕ್ಷರಗಳ ತಲೆಕಟ್ಟುಗಳನ್ನು ಬಿಡಿಬಿಡಿಯಾಗಿ ಬರೆಯದೆ ಎಡದಿಂದ ಬಲಕ್ಕೆ ಏರುವ ಒಂದೇ ಎಳೆತದಲ್ಲಿ ಮುಗಿಸಿದ್ದಾರೆ. ಎರಡನೆಯ ಅಕ್ಷರದ ಒತ್ತು ಕೆಳಗೆ ಇಳಿಯುವ ಜಾಗದಲ್ಲಿ ನಾಯಕಿಯ ಮುಡಿ ಬರುತ್ತದೆ. ಕಲಾವಿದರು ಒತ್ತನ್ನು ಚಿಕ್ಕದು ಮಾಡುವ ಬದಲು ಉದ್ದಕ್ಕೆ ಎಳೆದು ಮುಡಿಯ ಬಾಗಿಗೆ ಹೊಂದಿಸಿದ್ದಾರೆ. ಕೆಂಪು ಶಾಯಿಯ ಫಲಕ ಕೂದಲೆಳೆಯಷ್ಟು ಬಲಕ್ಕೆ ಜಾರಿರುವುದರಿಂದ ಪ್ರತಿ ಅಕ್ಷರಕ್ಕೂ ಒಂದು ಸಣ್ಣ ನೆರಳು ಹುಟ್ಟಿದೆ. ಅದು ಮುದ್ರಣದ ದೋಷ, ಆದರೆ ಅದೇ ಚಿತ್ರದ ಇನ್ನೊಂದು ಪ್ರತಿಯಲ್ಲಿ ಜಾರಿಲ್ಲದ ಅಕ್ಷರಗಳು ಇಷ್ಟು ಜೀವಂತವಾಗಿ ಕಾಣುವುದಿಲ್ಲ. ಒತ್ತಕ್ಷರಗಳನ್ನು ಏಳು ಅಂಗುಲದ ಚೌಕದಲ್ಲಿ ಎಲ್ಲಿ ಇಳಿಸುವುದು ಎಂಬ ತೊಡಕು ಇಂಗ್ಲಿಷಿನ ವಿನ್ಯಾಸಕರಿಗೆ ಇರಲೇ ಇಲ್ಲ. ಅದನ್ನು ಬಿಡಿಸಿದ ರೀತಿಯಲ್ಲೇ ನಮ್ಮ ಕವರುಗಳ ಜಾಣ್ಮೆಯಿದೆ, ಆದ್ದರಿಂದ ಕನ್ನಡದ ಕವರುಗಳನ್ನು ಆಯ್ದು ಇಟ್ಟುಕೊಳ್ಳುವವರು ಚಿತ್ರಕ್ಕಿಂತ ಮೊದಲು ಬರಹವನ್ನು ನೋಡಿ ಆಯುವುದು ಒಳ್ಳೆಯದು.

ಮಳೆಗೆ ಮುನ್ನ ಮಾಡಬೇಕಾದದ್ದು

ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65ನ್ನು ದಾಟಿ ಕೆಲವು ದಿನ ಹಾಗೆಯೇ ನಿಂತರೆ ಕಾಗದದ ಮೇಲೆ ಬೂಷ್ಟು ಮೊಳೆಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಜುಲೈ-ಆಗಸ್ಟಿನ ಕಕ್ಕಡ ಮಾಸದ ದಿನಗಳಲ್ಲಿ ಮನೆಯೊಳಗಿನ ಆರ್ದ್ರತೆಯೂ 90ರ ಆಸುಪಾಸಿನಲ್ಲಿರುತ್ತದೆ. ಭಾಗಮಂಡಲದ ಕಡೆಯವರಿಗೆ ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕು, ಕುಶಾಲನಗರದವರಿಗೆ ಕಡಿಮೆ ಸಾಕು. ಆರ್ದ್ರತೆ ಇಳಿಸುವ ವಿದ್ಯುತ್ ಯಂತ್ರಗಳು ಸಿಗುತ್ತವೆ, ಆದರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಅದನ್ನೇ ನಂಬಿ ಕೂರುವುದು ಜಾಣತನವಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ಆರ್ದ್ರತಾಮಾಪಕ, ಇಷ್ಟೇ ನಾನು ಶಿಫಾರಸು ಮಾಡುವ ವ್ಯವಸ್ಥೆ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಕಾಫಿ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಕಣದಲ್ಲಿ ಸರಿಯಾಗಿ ಒಣಗದ ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಕಾಫಿ ಬೀಜವನ್ನು, ಚೀಲಕ್ಕೆ ತುಂಬಿದರೆ ಏನಾಗುತ್ತದೆಯೋ, ತೇವವಿರುವ ಕವರನ್ನು ಪೆಟ್ಟಿಗೆಯಲ್ಲಿ ಮುಚ್ಚಿದರೂ ಅದೇ ಆಗುತ್ತದೆ. ಆದ್ದರಿಂದ ಜನವರಿಯಿಂದ ಮಾರ್ಚಿನವರೆಗಿನ ಒಣ ತಿಂಗಳುಗಳಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು, ಕವರುಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಗಾಳಿಯಾಡುವ ಕೋಣೆಯಲ್ಲಿ ಬಾಯಿ ಸ್ವಲ್ಪ ತೆರೆದು ನೆಟ್ಟಗೆ ನಿಲ್ಲಿಸಿ ಒಂದೆರಡು ವಾರ ಬಿಡಬೇಕು. ಬಿಸಿಲಿಗೆ ಇಡಬಾರದು, ಬಿಸಿಲಿಗೆ ಮೊದಲು ಬಲಿಯಾಗುವುದು ಕೆಂಪು ಮತ್ತು ಹಳದಿ ಶಾಯಿಗಳು. ಅಗ್ಗಿಷ್ಟಿಕೆಯ ಹತ್ತಿರವಂತೂ ಬೇಡವೇ ಬೇಡ, ಅಲ್ಲಿ ಕವರಿನ ಅಂಟು ಬಿಡುವುದಕ್ಕೆ ಮೊದಲೇ ಒಳಗಿನ ವಿನೈಲ್ ಸೊಟ್ಟಗಾಗಿರುತ್ತದೆ. ಹೀಗೆ ಒಣಗಿದವನ್ನು ಮೇ ತಿಂಗಳ ನಡುವಿನೊಳಗೆ ಪೆಟ್ಟಿಗೆಗೆ ಸೇರಿಸಿ ಮುಚ್ಚಿಬಿಡಬೇಕು.

ಒಂದೊಂದು ಕವರಿಗೂ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್‌ನ ಹೊರಚೀಲ ಹಾಕುವುದು ಒಳ್ಳೆಯದು. ಹೊಸ ರೈನ್‌ಕೋಟಿನ ಘಾಟು ಬರುವ ದಪ್ಪ ಮೃದು ಪಿವಿಸಿ ಚೀಲವನ್ನು ಬಳಸಬಾರದು. ಅದರಿಂದ ಒಸರುವ ರಾಸಾಯನಿಕ ಕವರಿನ ಪೊರೆಗೆ ಅಂಟಿಕೊಳ್ಳುತ್ತದೆ, ತಟ್ಟೆಗೆ ತಾಗಿದರೆ ಅಲ್ಲಿ ಮಂಜು ಕವಿದಂಥ ಕಲೆ ಮಾಡುತ್ತದೆ. ದಿನಪತ್ರಿಕೆಯಲ್ಲಿ ಸುತ್ತುವ ನಮ್ಮ ಮನೆಗಳ ರೂಢಿಯನ್ನೂ ಇಲ್ಲಿಗೆ ನಿಲ್ಲಿಸಬೇಕು, ಅದರ ಆಮ್ಲ ಹಿಂಬದಿಯ ಕಾಗದವನ್ನು ಕಂದಾಗಿಸುತ್ತದೆ. ನುಸಿಗುಳಿಗೆಯ ಆವಿ ಪ್ಲಾಸ್ಟಿಕ್ ಮತ್ತು ಅಂಟುಗಳ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ಇರುವುದು ಬೇಡ. ತಟ್ಟೆಯನ್ನು ಅದರ ಒಳಲಕೋಟೆಯ ಸಮೇತ ಕವರಿನ ಹೊರಗೆ, ಅದೇ ಹೊರಚೀಲದಲ್ಲಿ ಕವರಿನ ಹಿಂದೆ ಇಟ್ಟರೆ ಎರಡು ಲಾಭ: ತಟ್ಟೆಯ ಅಂಚು ಒತ್ತಿ ಕವರಿನ ಹೊಲಿಗೆ ಬಿಡುವುದಿಲ್ಲ, ಮುಂಬದಿಯ ಚಿತ್ರದ ಮೇಲೆ ದುಂಡಗಿನ ಸವೆತದ ಉಂಗುರ ಮೂಡುವುದಿಲ್ಲ. ಒಂದರ ಮೇಲೊಂದು ಪೇರಿಸದೆ, ಗ್ರಂಥಾಲಯದ ಪುಸ್ತಕಗಳ ಹಾಗೆ ನೆಟ್ಟಗೆ, ವಾಲದಂತೆ ಮತ್ತು ಬಿಗಿಯದಂತೆ ನಿಲ್ಲಿಸಬೇಕು.

ಸಿಲಿಕಾ ಜೆಲ್‌ನಲ್ಲಿ ನೀಲಿಯಿಂದ ಗುಲಾಬಿಗೆ ತಿರುಗುವ ಬಗೆಯಲ್ಲಿ ವಿಷಕಾರಿ ಕೋಬಾಲ್ಟ್ ಲವಣವಿರುತ್ತದೆ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯನ್ನು ಕೊಳ್ಳುವುದು ಲೇಸು. ಮೂವತ್ತು ಎಲ್‌ಪಿಗಳ ಪೆಟ್ಟಿಗೆಗೆ ಬಟ್ಟೆಯ ಚೀಲಗಳಲ್ಲಿ ಕಾಲು ಕಿಲೋದಷ್ಟರಿಂದ ಆರಂಭಿಸಿ ಮಾಪಕ ನೋಡಿಕೊಂಡು ಹೆಚ್ಚಿಸಬಹುದು. ಬಣ್ಣ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಯ ಸುಮಾರಿನಲ್ಲಿ ಕೆಲವು ಗಂಟೆ ಇಟ್ಟರೆ ಅದು ಮತ್ತೆ ಬಳಕೆಗೆ ಬರುತ್ತದೆ. ಮಾಪಕದ ಸೂಚನೆ 40ರಿಂದ 55ರ ನಡುವೆ ಇದ್ದರೆ ಸಾಕು. 30ಕ್ಕೆ ಇಳಿಸಿದೆನೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ, ಅತಿಯಾಗಿ ಒಣಗಿದ ರಟ್ಟು ಮಡಿಕೆಯಲ್ಲಿ ಬಿರಿಯುತ್ತದೆ. ಪೆಟ್ಟಿಗೆಯನ್ನು ಹೊರಗೋಡೆಗೆ ಒತ್ತದೆ ಒಂದು ಗೇಣು ಬಿಟ್ಟು, ನೆಲದಿಂದ ಎತ್ತರದಲ್ಲಿ ಇಡಬೇಕು. ಗೆದ್ದಲು ಮತ್ತು ಜೌಗು ಎರಡೂ ಬರುವುದು ಕೆಳಗಿನಿಂದಲೇ.

ಬೂಷ್ಟು ಹಿಡಿದದ್ದು, ಹರಿದದ್ದು, ಬಾಗಿದ್ದು

ಬೂಷ್ಟು ಹಸಿಯಾಗಿದ್ದಾಗ ಒರೆಸಿದರೆ ಕಾಗದದ ನಾರಿನೊಳಕ್ಕೆ ಇಳಿದು ಕಲೆಯಾಗುತ್ತದೆ. ಮೊದಲು ಅದನ್ನು ಬೇರೆ ಕವರುಗಳಿಂದ ದೂರವಿಟ್ಟು, ಒಣಗಿ ಪುಡಿಯಾಗುವ ತನಕ ಕಾಯಬೇಕು. ಮಳೆಗಾಲದಲ್ಲಾದರೆ ಜೆಲ್ ಹೆಚ್ಚಾಗಿರುವ ಪ್ರತ್ಯೇಕ ಪೆಟ್ಟಿಗೆಯೇ ಅದಕ್ಕೆ ಆಸ್ಪತ್ರೆ. ಒಣಗಿದ ಮೇಲೆ ಎನ್95 ಮುಖಗವಸು ಹಾಕಿಕೊಂಡು, ಜಗಲಿಯಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು, ಮೃದುವಾದ ಅಗಲ ಕುಂಚದಿಂದ ಒಂದೇ ದಿಕ್ಕಿನಲ್ಲಿ, ನಮ್ಮಿಂದ ಆಚೆಗೆ ಗುಡಿಸಬೇಕು. ಮುಂಬದಿಯ ಪೊರೆ ಎಲ್ಲಿಯೂ ಬಿರಿದಿಲ್ಲ ಎಂದು ಖಚಿತವಾದರೆ, ಚೆನ್ನಾಗಿ ಹಿಂಡಿದ ಹತ್ತಿಬಟ್ಟೆಯಿಂದ ಒರೆಸಿ ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಬಹುದು. ಹಿಂಬದಿಗೆ ಮಾತ್ರ ನೀರು, ಸ್ಪಿರಿಟ್, ಸೋಪು ಯಾವುದೂ ತಾಗಬಾರದು. ಕಂದು ಚುಕ್ಕೆಗಳಾಗಿ ಉಳಿದದ್ದನ್ನು ಬ್ಲೀಚ್ ಮಾಡಿ ತೆಗೆಯುವ ಸಲಹೆಗಳು ಎಲ್ಲೆಡೆ ಸಿಗುತ್ತವೆ. ಚುಕ್ಕೆ ಇರುವ ಕವರು ಓದಲು ಬರುತ್ತದೆ, ಬ್ಲೀಚ್ ತಿಂದ ಕವರು ಮುಟ್ಟಿದರೆ ಉದುರುತ್ತದೆ.

ಹೊಲಿಗೆ ಬಿಟ್ಟ ಅಂಚಿಗೆ ಸೆಲ್ಲೋಟೇಪು ಅಂಟಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ಅಪಚಾರ. ಕೆಲವೇ ವರ್ಷಗಳಲ್ಲಿ ಟೇಪು ಒಣಗಿ ಉದುರುತ್ತದೆ, ಅದರ ಅಂಟು ಮಾತ್ರ ಹಳದಿಯ ಪಟ್ಟೆಯಾಗಿ ಕಾಗದದೊಳಗೆ ಉಳಿಯುತ್ತದೆ. ಅದರ ಬದಲು ತೆಳುವಾದ ಜಪಾನಿ ಕಾಗದದ ಪಟ್ಟಿಯನ್ನು ಅಂಚು ಹರಿದು ನಾರು ಬಿಟ್ಟುಕೊಳ್ಳುವಂತೆ ತಯಾರಿಸಿ, ಮೀಥೈಲ್ ಸೆಲ್ಯುಲೋಸ್ ಅಂಟಿನಿಂದ ಕವರಿನ ಒಳಗಡೆಯಿಂದ ಹಚ್ಚಬೇಕು. ಮೈದಾ ಅಂಟು ಹಿಡಿತದಲ್ಲಿ ಕಡಿಮೆಯೇನಲ್ಲ, ಆದರೆ ನಮ್ಮ ಹವೆಯಲ್ಲಿ ಅದು ಜಿರಳೆಗೂ ಬೆಳ್ಳಿಹುಳುವಿಗೂ ಔತಣ. ಹಿಂಬದಿಯ ಎದ್ದ ಪಟ್ಟಿಗೂ ಇದೇ ಅಂಟು ಸಾಕು. ಹಚ್ಚಿದ ಮೇಲೆ ಬೆಣ್ಣೆಕಾಗದ ಇಟ್ಟು ಒಂದು ರಾತ್ರಿ ಭಾರ ಹೇರಿದರಾಯಿತು.

ಬಾಗಿದ ಕವರನ್ನು ತಟ್ಟೆ ತೆಗೆದು, ಎರಡು ಒತ್ತುಕಾಗದಗಳ ನಡುವೆ, ಮೇಲೂ ಕೆಳಗೂ ಸಮತಟ್ಟಾದ ಹಲಗೆ ಕೊಟ್ಟು ಪುಸ್ತಕಗಳ ಭಾರದಡಿ ಇಡಬೇಕು. ಒತ್ತುಕಾಗದವನ್ನು ದಿನಕ್ಕೊಮ್ಮೆ ಬದಲಿಸಬೇಕು. ಒಣ ತಿಂಗಳುಗಳಲ್ಲಿ ಇದು ತಾನಾಗಿ ನೇರವಾಗುತ್ತದೆ, ಆಷಾಢದಲ್ಲಿ ಎಷ್ಟು ಭಾರ ಹೇರಿದರೂ ವ್ಯರ್ಥ. ಕೀಟಗಳ ಅನುಮಾನವಿದ್ದರೆ ತಟ್ಟೆಯಿಲ್ಲದ ಒಣ ಕವರನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಮನೆಯ ಫ್ರೀಜರ್‌ನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಚೀಲದ ಹೊರಗಿನ ನೀರ ಹನಿ ಪೂರ್ತಿ ಆರುವವರೆಗೆ ಅದನ್ನು ಬಿಚ್ಚಬಾರದು.

ಗೋಡೆಗೆ ಮತ್ತು ಫೋಟೋಕ್ಕೆ

ಕವರನ್ನು ಚೌಕಟ್ಟಿನಲ್ಲಿ ಹಾಕುವವರು ಗಾಜು ಕವರಿಗೆ ನೇರವಾಗಿ ತಾಗದಂತೆ ಸುತ್ತ ಆಮ್ಲರಹಿತ ರಟ್ಟಿನ ಅಂತರ ಕೊಡಿಸಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಪೊರೆ ಗಾಜಿಗೆ ಅಂಟಿ ಶಾಯಿಯ ಸಮೇತ ಕಿತ್ತು ಬರುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ತುಂಡು ಅಂಟಿಸಿದರೆ ಗೋಡೆಯ ಜೌಗಿಗೂ ರಟ್ಟಿಗೂ ನಡುವೆ ಗಾಳಿಯಾಡುತ್ತದೆ. ಮಳೆ ಬಡಿಯುವ ಪಶ್ಚಿಮದ ಗೋಡೆ ಬೇಡ. ನನ್ನನ್ನು ಕೇಳಿದರೆ, ಗೋಡೆಗೆ ಒಂದು ಒಳ್ಳೆಯ ನಕಲನ್ನು ಹಾಕಿ ಮೂಲವನ್ನು ಪೆಟ್ಟಿಗೆಯಲ್ಲೇ ಬಿಡುವುದು ಉತ್ತಮ.

ನಕಲಿಗೆ ಮನೆಯ ಎ4 ಸ್ಕ್ಯಾನರ್ ಚಿಕ್ಕದಾಗುತ್ತದೆ. ಅದರಲ್ಲಿ ಎಲ್‌ಪಿಯ ಕವರನ್ನು ನಾಲ್ಕು ಭಾಗವಾಗಿ ತೆಗೆದು ಜೋಡಿಸಬೇಕಾಗುತ್ತದೆ, ಮುದ್ರಣದ ಚುಕ್ಕಿಗಳಿಂದ ಅಲೆಯಂಥ ವಿನ್ಯಾಸಗಳೂ ಏಳುತ್ತವೆ. ಕ್ಯಾಮೆರಾದಿಂದ ತೆಗೆಯುವುದೇ ಸುಲಭ, ಮತ್ತು ಇದೊಂದು ವಿಷಯದಲ್ಲಿ ಕೊಡಗಿನ ಮಳೆಗಾಲ ನಮ್ಮ ಕಡೆಗಿದೆ. ಮೋಡ ಮುಚ್ಚಿದ ದಿನ ತೆರೆದ ಜಗಲಿಯ ಬೆಳಕು ಎಲ್ಲೆಡೆ ಸಮನಾಗಿ ಹರಡಿರುವುದರಿಂದ ಮಿನುಗುವ ಪೊರೆಯ ಮೇಲೆ ಬಿಳಿಯ ಹೊಳಪು ಬೀಳುವುದಿಲ್ಲ. ಕವರನ್ನು ನೆಲಕ್ಕೆ ಸಮತಟ್ಟಾಗಿ ಇಟ್ಟು, ಕ್ಯಾಮೆರಾವನ್ನು ಅದಕ್ಕೆ ನೇರ ಸಮಾನಾಂತರವಾಗಿ ಹಿಡಿದು, ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆದರೆ ಚೌಕದ ಅಂಚುಗಳು ಬಾಗುವುದಿಲ್ಲ. ಪಕ್ಕದಲ್ಲಿ ಒಂದು ಬಿಳಿ ಹಾಳೆಯ ತುಂಡಿದ್ದರೆ ಬಣ್ಣವನ್ನು ಆಮೇಲೆ ಸರಿಹೊಂದಿಸಲು ಆಧಾರ ಸಿಗುತ್ತದೆ. ಮುಂಬದಿ, ಹಿಂಬದಿ, ಬೆನ್ನು, ಒಳಲಕೋಟೆ ಮತ್ತು ತಟ್ಟೆಯ ಎರಡೂ ಚೀಟಿ, ಇಷ್ಟನ್ನೂ ತೆಗೆದು ಕಡತಕ್ಕೆ ಕ್ರಮಸಂಖ್ಯೆಯನ್ನೇ ಹೆಸರಾಗಿ ಕೊಡಬೇಕು. ಒಂದೇ ಹೆಸರಿನ ತಟ್ಟೆಗಳು ಹಲವಿರುತ್ತವೆ.

ಈ ಚಿತ್ರಗಳನ್ನು ಹಂಚಿಕೊಳ್ಳುವವರಿಗೆ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಲಾಕೃತಿಯ ಹಕ್ಕು ಕಲಾವಿದರ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷಗಳವರೆಗೆ ಇರುತ್ತದೆ, ತಟ್ಟೆ ನಮ್ಮದಾದ ಮಾತ್ರಕ್ಕೆ ಕವರಿನ ಚಿತ್ರ ನಮ್ಮದಾಗುವುದಿಲ್ಲ. ವಿಮರ್ಶೆಯ ಜೊತೆಗೆ ಚಿಕ್ಕ ಗಾತ್ರದ ಚಿತ್ರ ಬಳಸುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಅದನ್ನು ಅಂಗಿಯ ಮೇಲೋ ಕ್ಯಾಲೆಂಡರಿನಲ್ಲೋ ಅಚ್ಚುಹಾಕಿ ಮಾರುವುದಾದರೆ ಹಕ್ಕುದಾರರ ಲಿಖಿತ ಅನುಮತಿ ಪಡೆಯಬೇಕು, ಮತ್ತು ವಿನ್ಯಾಸಕಾರರ ಹೆಸರು ಕವರಿನ ಮೇಲೆ ಇದ್ದಲ್ಲಿ ಅದನ್ನು ಚಿತ್ರದ ಕೆಳಗೆ ತಪ್ಪದೆ ಹಾಕಬೇಕು.